ಅ ಇ ಉ ಎ ಒ

ಆಸ್ಟ್ರೇಲಿಯಾದ ಪ್ರಾಥಮಿಕ ಶಾಲೆಗಳಲ್ಲಿ ಇಂಗ್ಲಿಷಿನ ಜೊತೆಗೆ ಇನ್ನೊಂದು ಭಾಷೆಯನ್ನು ಕಲಿಸುವ ಪದ್ಧತಿಯುಂಟು. ಅನೇಕ ಶಾಲೆಗಳು ಅದಕ್ಕಾಗಿ ಜಪಾನಿ ಭಾಷೆಯನ್ನು ಆರಿಸಿಕೊಂಡಿವೆ. ಮೆಲ್ಬರ್ನ್ ನಗರದಲ್ಲಿರುವ ಮಗಳ ಮನೆಯಲ್ಲಿ ಕೆಲವು ತಿಂಗಳು ತಂಗಿದ್ದಾಗ, ನಾಲ್ಕನೆಯ ತರಗತಿಯಲ್ಲಿದ್ದ ಮೊಮ್ಮಗಳ ಶಾಲೆಯಲ್ಲಿ ನಡೆದ ‘ಜಪಾನಿ ದಿನ’ವನ್ನು ನೋಡುವ ಅವಕಾಶ ನನಗೆ ದೊರೆಯಿತು.

ಶಾಲೆಯ ಬಾಗಿಲಲ್ಲಿ ಬಣ್ಣಬಣ್ಣದ ಬಟ್ಟೆಯ ಮೀನುಗಳು ಗಾಳಿಗೆ ಉಬ್ಬಿ ತೇಲುತ್ತಿದ್ದವು. ಜಪಾನಿನಲ್ಲಿ ಮೇ 5ರ ಮಕ್ಕಳ ದಿನಕ್ಕೆ ಇಂಥ ಮೀನುಗಳನ್ನು ಏರಿಸುತ್ತಾರೆ. ಹೊಳೆಯ ಸೆಳವಿಗೆ ಎದುರಾಗಿ ಈಜುವ ಮೀನಿನಂತೆ ಮಕ್ಕಳು ಗಟ್ಟಿಯಾಗಿ ಬೆಳೆಯಲಿ ಎಂಬುದು ಹಿರಿಯರ ಹಾರೈಕೆ. ಒಳಗೆ ಹೋಗುವ ಮುನ್ನ ಎಲ್ಲರೂ ಪಾದರಕ್ಷೆಗಳನ್ನು ಕಳಚಿಡಬೇಕಾಗಿತ್ತು. ಅಲ್ಲಿನ ತಾಯಿತಂದೆಯರಿಗೆ ಇದು ಹೊಸದು. ನನಗಂತೂ ಊರಿಗೆ ಮರಳಿದಂತಾಯಿತು.

ಗೋಡೆಯ ಮೇಲೆ ಜಪಾನಿ ಅಕ್ಷರಗಳ ದೊಡ್ಡ ಪಟವೊಂದಿತ್ತು. ಮೊಮ್ಮಗಳು ಕೋಲು ಹಿಡಿದು ಓದಿ ತೋರಿಸಿದಳು: “ಅ, ಇ, ಉ, ಎ, ಒ.” ಆಮೇಲೆ ಸಾಲುಗಳ ಮೊದಲ ಅಕ್ಷರಗಳು: “ಕ, ಸ, ತ, ನ, ಹ, ಮ, ಯ, ರ, ವ.” ಅಕ್ಷರಗಳ ಆಕಾರ ನನಗೆ ಪೂರ್ತಿ ಅಪರಿಚಿತ, ಆದರೆ ಕಿವಿಗೆ ಬಿದ್ದ ಕ್ರಮ ನಮ್ಮ ಅಯ್ಯಗಳ ಮಠದ ಮರಳಿನ ಮೇಲೆ ತಿದ್ದಿದ ಕ್ರಮವೇ! ಕಂಠದಿಂದ ಹೊರಟು ತುಟಿಗೆ ಬಂದು, ಕೊನೆಗೆ ಯ, ರ, ವಗಳಲ್ಲಿ ನಿಲ್ಲುವ ನಡಿಗೆ. ಈಗಿನ ‘ಹ’ಕಾರವು ಹಿಂದೆ ‘ಪ’ಕಾರವಾಗಿತ್ತೆಂದು ವಿದ್ವಾಂಸರು ಹೇಳುವುದನ್ನು ನೆನೆದರೆ ಹೋಲಿಕೆ ಇನ್ನೂ ಸ್ಪಷ್ಟವಾಗುತ್ತದೆ. ಇದು ಆಕಸ್ಮಿಕವಲ್ಲ. ಬೌದ್ಧಧರ್ಮದೊಡನೆ ನಮ್ಮ ದೇಶದ ಸಿದ್ಧಂ ಲಿಪಿ ಚೀನಕ್ಕೆ ಹೋಯಿತು. ಅಲ್ಲಿಗೆ ಓದಲು ಹೋಗಿದ್ದ ಕೂಕಾಯ್ ಎಂಬ ಜಪಾನಿ ಭಿಕ್ಷು 806ರಲ್ಲಿ ಆ ಲಿಪಿಯ ಗ್ರಂಥಗಳೊಡನೆ ತಾಯ್ನಾಡಿಗೆ ಮರಳಿದನು. ಮಂತ್ರಗಳನ್ನು ಶುದ್ಧವಾಗಿ ಉಚ್ಚರಿಸಬೇಕೆಂದು ಭಿಕ್ಷುಗಳು ನಡೆಸಿದ ಅಭ್ಯಾಸದಿಂದ ಈ ವರ್ಣಕ್ರಮ ರೂಪುಗೊಂಡಿತು. ಅಕ್ಷರಗಳ ರೂಪವನ್ನು ಚೀನ ಕೊಟ್ಟಿತು. ಅವು ನಿಲ್ಲುವ ಸಾಲನ್ನು ಭಾರತ ಕೊಟ್ಟಿತು.

ಮೊಮ್ಮಗಳು ಆ ನೆಲದಲ್ಲಿಯೇ ಹುಟ್ಟಿದವಳು. ಕನ್ನಡ ಅವಳಿಗೆ ಅರ್ಥವಾಗುತ್ತಿತ್ತು, ಆಡಲು ಸಂಕೋಚ. ಆಡಿದರೂ “ನಾನು ಕುಡಿಯುತ್ತೇನೆ ನೀರು” ಎಂದು ಇಂಗ್ಲಿಷಿನ ಜಾಡಿನಲ್ಲಿ ನಡೆಯುವಳು. ಅಂದು ಅವಳು ಜಪಾನಿಯಲ್ಲಿ, “ವತಶಿ ವ ಮಿಜು ಒ ನೊಮಿಮಸ್” ಎಂದಳು. ‘ವತಶಿ’ ಎಂದರೆ ನಾನು, ‘ಮಿಜು’ ಎಂದರೆ ನೀರು, ಅದರ ಬಾಲದಲ್ಲಿರುವ ‘ಒ’ ನಮ್ಮ ‘ಅನ್ನು’ ಪ್ರತ್ಯಯದಂತೆ; ಕ್ರಿಯಾಪದ ಕಟ್ಟಕಡೆಗೆ. ಅದನ್ನೇ ಒಂದೊಂದು ಪದವಾಗಿ ಕನ್ನಡಕ್ಕೆ ತರುವಂತೆ ಹೇಳಿದೆ. ಅವಳು ಬೆರಳು ಮಡಿಸುತ್ತ, “ನಾನು... ನೀರನ್ನು... ಕುಡಿಯುತ್ತೇನೆ” ಎಂದು ಮುಗಿಸಿ, “ತಾತ, ಇದು ಹಾಗೇ ಇದೆಯಲ್ಲ!” ಎಂದು ಕಣ್ಣರಳಿಸಿದಳು. ಎರಡು ಭಾಷೆಗಳೂ ಒಂದೇ ಕುಲದವೆಂದು ಇದರಿಂದ ತಿಳಿಯಬಾರದು; ವಾಕ್ಯ ಕಟ್ಟುವ ರೀತಿಯಲ್ಲಿ ಮಾತ್ರ ಇವು ನೆರೆಹೊರೆಯವು. ಮನೆಯಲ್ಲಿ ನಾವು ಹತ್ತು ಸಲ ತಿದ್ದಿಯೂ ಆಗದ ಕೆಲಸವನ್ನು ಜಪಾನಿ ಭಾಷೆ ಒಂದು ಗಳಿಗೆಯಲ್ಲಿ ಮಾಡಿತ್ತು.

ಮಧ್ಯಾಹ್ನ ಸಭಾಂಗಣದಲ್ಲಿ ಕುಣಿತ, ಹಾಡು, ಕುಂಚದಿಂದ ಅಕ್ಷರ ಬರೆಯುವ ಆಟ. ಮಕ್ಕಳು ಕಾಗದವನ್ನು ಮಡಿಸಿ ಕೊಕ್ಕರೆಗಳನ್ನು ಮಾಡಿ ಬಂದವರಿಗೆಲ್ಲ ಹಂಚಿದರು. 1945ರ ಆಗಸ್ಟ್ 6ರಂದು ಹಿರೋಷಿಮಾದ ಮೇಲೆ ಅಣುಬಾಂಬು ಬಿದ್ದಾಗ ಎರಡು ವರ್ಷದ ಕೂಸಾಗಿದ್ದ ಸದಾಕೊ ಸಸಾಕಿ, ರಕ್ತದ ಕ್ಯಾನ್ಸರಿನಿಂದ ಆಸ್ಪತ್ರೆಯಲ್ಲಿ ಮಲಗಿದ್ದಾಗ ಇಂಥ ಕೊಕ್ಕರೆಗಳನ್ನೇ ಮಡಿಸುತ್ತಿದ್ದಳು. 1955ರಲ್ಲಿ ಅವಳು ತೀರಿಕೊಂಡಾಗ ಹನ್ನೆರಡು ವರ್ಷ.

ನನ್ನ ಪಕ್ಕದಲ್ಲಿ ತೊಂಬತ್ತರ ಸಮೀಪದ ಹಿರಿಯರೊಬ್ಬರು ಕುಳಿತಿದ್ದರು. ಅವರ ಮರಿಮಗಳು ಕುಣಿಯುವವರಲ್ಲಿ ಒಬ್ಬಳು. ಕೊಕ್ಕರೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ಅವರು ಮೆಲ್ಲನೆ ಮಾತನಾಡಿದರು. ಎರಡನೆಯ ಮಹಾಯುದ್ಧದಲ್ಲಿ ಅವರ ತಂದೆ ಜಪಾನೀಯರ ಸೆರೆಯಾಳಾಗಿ ಬರ್ಮಾ ರೈಲುಮಾರ್ಗದ ಕೆಲಸಕ್ಕೆ ಹೋದವರು ಮರಳಿರಲಿಲ್ಲ. ಆ ಮಾರ್ಗದಲ್ಲಿ ಮಡಿದ ಆಸ್ಟ್ರೇಲಿಯದ ಸೆರೆಯಾಳುಗಳೇ 2,500ಕ್ಕೂ ಹೆಚ್ಚು. 1942ರ ಫೆಬ್ರವರಿ 19ರಂದು ಜಪಾನಿನ ವಿಮಾನಗಳು ಡಾರ್ವಿನ್ ಪಟ್ಟಣದ ಮೇಲೆಯೇ ಬಾಂಬು ಸುರಿದಿದ್ದವು. “ನನ್ನ ತಾಯಿ ಬದುಕಿರುವವರೆಗೆ ಜಪಾನಿನ ಒಂದು ಗಡಿಯಾರವೂ ನಮ್ಮ ಮನೆಯ ಹೊಸ್ತಿಲು ದಾಟಲಿಲ್ಲ” ಎಂದರು. ಹಾಗಾದರೆ ಇಂದು ಬಂದದ್ದೇಕೆ ಎಂದು ಕೇಳುವುದು ಸೌಜನ್ಯವಲ್ಲವೆಂದು ನಾನು ಸುಮ್ಮನಿದ್ದೆ. ಅವರೇ, “ಮಗು ಕರೆಯಿತು, ಬಂದೆ. ತಾಯಿಯಾಗಿದ್ದರೆ ಬರುತ್ತಿರಲಿಲ್ಲ” ಎಂದರು. ಕ್ಷಮಿಸಿದೆನೆಂದು ಅವರು ಹೇಳಲಿಲ್ಲ. ಹೇಳಬೇಕೆಂದು ನನಗೂ ತೋರಲಿಲ್ಲ. ಅವರು ಕಳೆದುಕೊಂಡದ್ದು ತಂದೆಯನ್ನು.

ಕಾರ್ಯಕ್ರಮ ಮುಗಿದೊಡನೆ ಮಕ್ಕಳು ಪೊರಕೆ, ಒದ್ದೆ ಬಟ್ಟೆಗಳನ್ನು ಹಿಡಿದು ಬಂದರು. ಜಪಾನಿನ ಶಾಲೆಗಳಲ್ಲಿ ತರಗತಿಯನ್ನು ಗುಡಿಸಿ ಒರೆಸುವವರು ವಿದ್ಯಾರ್ಥಿಗಳೇ. ಅಂದಿನ ಮಟ್ಟಿಗೆ ಇಲ್ಲಿಯೂ ಅದೇ ಕ್ರಮ. ಕಾಗದದ ಚೂರುಗಳನ್ನು ಗುಡಿಸುತ್ತ ಮೊಮ್ಮಗಳೂ ಆ ಮರಿಮಗಳೂ ನಮ್ಮ ಸಾಲಿಗೆ ಬಂದು ಬಾಗಿ ನಮಸ್ಕರಿಸಿದರು. ಹಿರಿಯರು ಕೊಕ್ಕರೆಯನ್ನು ಕೋಟಿನ ಕಿಸೆಗೆ ಸೇರಿಸಿ, ಪೊರಕೆ ಆಡಲು ಅನುವಾಗುವಂತೆ ಕಾಲುಗಳನ್ನು ಮೇಲಕ್ಕೆತ್ತಿಕೊಂಡರು.