ಫೋರ್ಟಿನಲ್ಲಿ ಹಾವಿನ ವಂಶಾವಳಿ

ಫೋರ್ಟ್ ಎಂದೊಡನೆ ನಮ್ಮವರಿಗೆ ನೆನಪಾಗುವುದು ಬ್ಯಾಂಕು, ಕಚೇರಿ, ಊರಿನವರ ಹೋಟೆಲು. ಹಾವಿನ ಕುಲಗೋತ್ರ ವಿಚಾರಿಸಲು ಅಲ್ಲಿಗೆ ಹೋಗುವವರುಂಟೇ ಎಂದು ವಾಚಕರು ನಗಬಹುದು. ಆದರೂ ಒಮ್ಮೆ ಮಕ್ಕಳೊಡನೆ ಚರ್ಚ್‌ಗೇಟಿನಲ್ಲಿ ಇಳಿದು, ಹುತಾತ್ಮ ಚೌಕವನ್ನೂ ಹಾರ್ನಿಮನ್ ಸರ್ಕಲನ್ನೂ ದಾಟಿ, ಶಹೀದ್ ಭಗತ್ ಸಿಂಗ್ ರಸ್ತೆಯಲ್ಲಿ ಬಲಕ್ಕೆ ನಡೆಯೋಣ. ನೌಕಾದಳದ ಲಯನ್ ಗೇಟಿನ ಎದುರಿಗಿರುವುದೇ ಹಾರ್ನ್‌ಬಿಲ್ ಹೌಸ್. 1883ರಲ್ಲಿ ಎಂಟು ಮಂದಿ ಕೂಡಿ ಸ್ಥಾಪಿಸಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಮನೆ ಇದು. ಕಚೇರಿ ಅಪೊಲೊ ಬೀದಿಯಲ್ಲಿದ್ದ ಕಾಲದಲ್ಲಿ, 1920ರವರೆಗೆ, ವಿಲಿಯಂ ಎಂಬ ಮಂಗಟ್ಟೆ ಹಕ್ಕಿ ಅಲ್ಲಿ ಬಾಳಿತ್ತು. ಸಂಸ್ಥೆಯ ಲಾಂಛನವೂ ಮನೆಯ ಹೆಸರೂ ಆ ಹಕ್ಕಿಯದೇ.

ಇಲ್ಲಿ ಕಾಪಾಡಿಟ್ಟಿರುವ ಹಾವು, ಹಕ್ಕಿಗಳ ದೇಹಕ್ಕೆ ಎಷ್ಟು ಬೆಲೆಯೋ ಅದಕ್ಕೆ ಕಟ್ಟಿದ ಚೀಟಿಗೂ ಅಷ್ಟೇ ಬೆಲೆ. ಎಲ್ಲಿ ಸಿಕ್ಕಿತು, ಎಂದು ಸಿಕ್ಕಿತು ಎಂಬುದು ಅಳಿಸಿಹೋದರೆ ವಿದ್ವಾಂಸರಿಗೆ ಅದರಿಂದ ಪ್ರಯೋಜನ ಅಲ್ಪ. ಜೀವಂತ ಹಾವಿಗೂ ಈ ಮಾತು ಸಲ್ಲುವುದು.

ನಮ್ಮ ಕಾಳಿಂಗ ಸರ್ಪವನ್ನೇ ನೋಡಿ. 1836ರಲ್ಲಿ ವಿಜ್ಞಾನಿಗಳ ಪಟ್ಟಿಗೆ ಸೇರಿದ ಈ ಹಾವನ್ನು ಬಹುಕಾಲ ಒಂದೇ ಪ್ರಭೇದವೆಂದು ಎಣಿಸಿದ್ದರು. ಆಗುಂಬೆಯ ಕಾಡುಗಳಲ್ಲಿ ದುಡಿದ ಪಿ. ಗೌರಿಶಂಕರ್ ಮತ್ತು ಸಂಗಡಿಗರು ವಂಶವಾಹಿಗಳನ್ನು ಪರೀಕ್ಷಿಸಿ, 2021ರಲ್ಲಿ ನಾಲ್ಕು ಬೇರೆ ವಂಶಗಳನ್ನು ಗುರುತಿಸಿದರು. 2024ರಲ್ಲಿ ಅವು ನಾಲ್ಕು ಪ್ರಭೇದಗಳಾದುವು. ಪಶ್ಚಿಮ ಘಟ್ಟದ ಹಾವಿಗೆ ದೊರೆತ ಹೆಸರು ‘ಒಫಿಯೊಫೇಗಸ್ ಕಾಳಿಂಗ’. ಕನ್ನಡದ ಮಾತೊಂದು ಲೋಕದ ವಿಜ್ಞಾನಕ್ಕೆ ಸೇರಿತು!

ಇದು ಬರಿಯ ಹೆಸರಿನ ಹೆಮ್ಮೆಯಲ್ಲ. ಮಂಗಳೂರಿನ ಪಿಲಿಕುಳದಲ್ಲಿ ಕಾಳಿಂಗಗಳು ಸೆರೆಯಲ್ಲಿಯೇ ಸಂತಾನ ಪಡೆದಿವೆ. ಇಂತಹ ಕಡೆ ಘಟ್ಟದ ಹೆಣ್ಣಿಗೆ ಬಂಗಾಳದ ಕಡೆಯ ಗಂಡು ಜೊತೆಯಾದರೆ, ಆ ಮರಿಗಳನ್ನು ಯಾವ ಕಾಡಿಗೆ ಬಿಡುವುದು? ಹಾಲಿಗೆ ಬೆರೆತ ನೀರನ್ನು ಬೇರ್ಪಡಿಸಲು ಹಂಸವೇ ಬರಬೇಕು.

ಮಾರಾಟಕ್ಕೆ ಹಾವು ಬೆಳೆಸುವವರ ಶುದ್ಧಿ ಬೇರೊಂದು ಬಗೆ. ಆಫ್ರಿಕದ ಬಾಲ್ ಪೈಥಾನ್ ಎಂಬ ಸಣ್ಣ ಹೆಬ್ಬಾವಿನಲ್ಲಿ ಬಣ್ಣಕ್ಕೇ ಬೆಲೆ. ಬಣ್ಣ ನಿಲ್ಲಲೆಂದು ರಕ್ತಸಂಬಂಧದೊಳಗೇ ಕೂಡಿಸುವುದುಂಟು. ಅದರಲ್ಲಿ ‘ಸ್ಪೈಡರ್’ ಎಂಬ ಚೆಂದದ ಬಗೆಗೆ ತಲೆ ಓಲಾಡುವ ರೋಗವು ಬಣ್ಣದ ಜೊತೆಗೇ ಬರುತ್ತದೆ. 2023ರ ಡಿಸೆಂಬರಿನಲ್ಲಿ ನಮ್ಮ ಮುಂಬಯಿಯ ವಿಮಾನ ನಿಲ್ದಾಣದಲ್ಲೇ ಬಿಸ್ಕತ್ತು, ಕೇಕುಗಳ ಪೊಟ್ಟಣದಲ್ಲಿ ಅಡಗಿಸಿ ತಂದ ಇಂತಹ 9 ಹೆಬ್ಬಾವುಗಳೂ 2 ಕಾರ್ನ್ ಹಾವುಗಳೂ ಸಿಕ್ಕಿಬಿದ್ದುವು. ಕದ್ದು ತಂದ ಜೀವಕ್ಕೆ ವಂಶದ ಚೀಟಿ ಕಟ್ಟುವವರಾರು?

ಮಕ್ಕಳು ಹಾವು ಸಾಕುವ ಹಟ ಹಿಡಿದರೆ ಹೇಳಿ: ನಮ್ಮ ನಾಡಿನ ಹಾವುಗಳನ್ನು ಮನೆಯಲ್ಲಿಡಲು 1972ರ ವನ್ಯಜೀವಿ ಕಾಯಿದೆ ಬಿಡುವುದಿಲ್ಲ, ಬಾಲ್ ಪೈಥಾನಿನಂತಹ ವಿದೇಶೀ ಹಾವಿಗೂ ನೋಂದಣಿ ಬೇಕು, ಅದರ ಮರಿ ಹುಟ್ಟಿದರೂ ತಿಳಿಸಬೇಕು.

ಊರು ಬಿಟ್ಟು ಬಂದ ನಮಗೆ, ಯಾರಾದರೂ ಕೇಳಿದರೆ ಊರ ಹೆಸರು ಹೇಳಲು ಬಾಯಿದೆ. ಪೆಟ್ಟಿಗೆಯಲ್ಲಿ ಹುಟ್ಟಿದ ಹಾವಿಗೆ ಅದಿಲ್ಲ. ಸಾಕಿದವರ ಲೆಕ್ಕದ ಪುಸ್ತಕವೇ ಅದರ ಬಾಯಿ.