ಹಾಕಿದ್ದೆಲ್ಲ ತಲುಪಲ್ಲ

ಈ ಸಲ ಮೀನಿನ ತೊಟ್ಟಿ ಬಗ್ಗೆ ಬರೀತಿದೀನಿ. ಸ್ವಲ್ಪ ಉದ್ದ ಇದೆ, ಪುರುಸೊತ್ತಾದಾಗ ಓದಿ.

ಮಗಳ ಹಟಕ್ಕೆ ಹರದನಹಳ್ಳಿಯ ನಮ್ಮನೆಗೆ ಒಂದು ಅಕ್ವೇರಿಯಂ ಬಂತು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ತಳಕ್ಕೆ ಸಣ್ಣಕಲ್ಲು ಹಾಕಿದ ಮೇಲೆ ಸುಮಾರು 45 ಲೀಟರ್ ನೀರು ಹಿಡಿಯುತ್ತೆ. ಎಂಟು ಗಪ್ಪಿ ಮೀನು. ಪ್ಲಾಸ್ಟಿಕ್ ಗಿಡ ಬೇಡ, ಜೀವ ಇರೋ ಗಿಡಾನೇ ಬೇಕು ಅಂದ್ಲು. ಹಾಸನದಿಂದ ವ್ಯಾಲಿಸ್ನೇರಿಯಾ, ಹೈಗ್ರೋಫಿಲಾ ಅನ್ನೋ ಗಿಡ ತಂದು ನೆಟ್ಟೆವು. ಇವುಗಳ ಬಳಗದವು ನಮ್ಮ ಕೆರೆ ಕಾಲುವೆಗಳಲ್ಲೇ ಬೆಳೀತವೆ. ದುಡ್ಡು ಕೊಟ್ಟು ತಂದಿದ್ದೊಂದೇ ಹೊಸದು.

ತಿಂಗಳಾಗುತ್ತಲೇ ಗಿಡ ಸೊರಗೋಕೆ ಶುರುವಾಯ್ತು. ಹಳೇ ಎಲೆಗಳಲ್ಲಿ ಸೂಜಿ ಚುಚ್ಚಿದ ಹಾಗೆ ತೂತು. ಹೊಸ ಎಲೆ ಬೆಳ್ಳಗೆ, ನರ ಮಾತ್ರ ಹಸಿರು. ಗೊಬ್ಬರ ಕಡಿಮೆ ಆಗಿದೆ ಅಂತ ಗೊತ್ತಾಯ್ತು. ಅಕ್ವೇರಿಯಂ ಅಂಗಡಿಯ ಬಾಟಲಿ ದುಬಾರಿ. ಬೆಳೆಗೆ ಹಾಕೋ 19-19-19 ಪುಡೀನ ಒಂದು ಚಮಚ ಸುರಿದೆ. ಎರಡನೇ ದಿನ ಬೆಳಗ್ಗೆ ಮೂರು ಮೀನು ಹೊಟ್ಟೆ ಮೇಲೆ ಮಾಡಿ ತೇಲ್ತಿದ್ವು.

"ಅಪ್ಪ, ಪ್ಯಾಕೆಟ್ ಹಿಂದೆ ಏನು ಬರೆದಿದೆ ಅಂತ ಓದಲ್ವಾ?" ಅಂದ್ಲು ಮಗಳು. ಆಮೇಲೆ ಎರಡು ದಿನ ಮಾತಾಡಲಿಲ್ಲ.

ಓದಿದೆ. 19-19-19ರಲ್ಲಿ ಸಾರಜನಕದ ದೊಡ್ಡ ಪಾಲು ಯೂರಿಯಾ ಮತ್ತು ಅಮೋನಿಯಂ ರೂಪದಲ್ಲಿರುತ್ತೆ. ನಮ್ಮ ಬೋರ್‌ವೆಲ್ ನೀರು ಗಡಸು, ಕ್ಷಾರದ್ದು. ಅಂಥ ನೀರಲ್ಲಿ ಅಮೋನಿಯಂ ಅಮೋನಿಯಾ ಆಗಿ ಮೀನಿಗೆ ವಿಷ ಆಗುತ್ತೆ. ಹೊಲಕ್ಕೆ ಒಳ್ಳೇದಾದದ್ದು ತೊಟ್ಟಿಗೆ ಸಾವು ತಂತು. ಅರ್ಧ ನೀರು ಬದಲಾಯಿಸಿದೆ. ಆಮೇಲೆ ಹದಿಮೂರು ಸೊನ್ನೆ ನಲವತ್ತೈದು, ಅಂದ್ರೆ ಪೊಟ್ಯಾಷಿಯಂ ನೈಟ್ರೇಟ್ ತಂದೆ. ವಾರಕ್ಕೆ ಅರ್ಧ ಗ್ರಾಂ ಸಾಕು. 45 ಲೀಟರಿಗೆ ಅಷ್ಟು ಹಾಕಿದ್ರೆ ಲೀಟರಿಗೆ ಸುಮಾರು 7 ಮಿಲಿಗ್ರಾಂ ನೈಟ್ರೇಟ್, 4 ಮಿಲಿಗ್ರಾಂ ಪೊಟ್ಯಾಷಿಯಂ ಸೇರುತ್ತೆ. ರಂಜಕ ಮೀನಿನ ಆಹಾರ ಮತ್ತು ಹಿಕ್ಕೆಯಿಂದಲೇ ಬರುತ್ತೆ. ವಾರಕ್ಕೊಮ್ಮೆ ಮೂರನೇ ಒಂದು ಪಾಲು ನೀರು ಬದಲಾಯಿಸಬೇಕು, ಇಲ್ಲಾಂದ್ರೆ ಎಲ್ಲಾ ಜಮೆ ಆಗಿ ಪಾಚಿ ಕಟ್ಟುತ್ತೆ.

ಹೊಸದಾಗಿ ಎಲೆ ತೂತಾಗೋದು ನಿಂತಿತು. ಆದ್ರೆ ಚಿಗುರು ಬೆಳ್ಳಗೇ ಬರ್ತಿತ್ತು. ಗಿಡ ತನಗೆ ಸಿಗೋ ಸಾರಗಳಲ್ಲಿ ಯಾವುದು ಎಲ್ಲಕ್ಕಿಂತ ಕಡಿಮೆಯೋ ಅದರ ಮಟ್ಟಕ್ಕೆ ಮಾತ್ರ ಬೆಳೆಯುತ್ತೆ, ಉಳಿದದ್ದು ಎಷ್ಟು ಸುರಿದರೂ ದಂಡ. ಜರ್ಮನಿಯ ಲೀಬಿಗ್ 19ನೇ ಶತಮಾನದಲ್ಲೇ ಇದನ್ನ ಜಗತ್ತಿಗೆಲ್ಲ ಹೇಳಿದ. ನಮ್ಮ ತೊಟ್ಟಿಯಲ್ಲಿ ಆ ಕಡಿಮೆ ಆದದ್ದು ಕಬ್ಬಿಣ. ಸರಿ, ಒಂದು ಚಿಟಿಕೆ ಅನ್ನಭೇದಿ ಹಾಕಿದೆ. ಅದು ಕಬ್ಬಿಣದ ಸಲ್ಫೇಟ್. ನೀರು ಚಾ ಬಣ್ಣ ಆಯ್ತು, ಮಾರನೇ ದಿನ ಕಲ್ಲಿನ ಮೇಲೆ ತುಕ್ಕು ಕೂತಿತ್ತು. ಎಲೆ ಮಾತ್ರ ಬೆಳ್ಳಗೇ ಉಳೀತು. ತೊಟ್ಟಿಯೊಳಗೆ ಕಬ್ಬಿಣ ಇದೆ, ಗಿಡದೊಳಗೆ ಇಲ್ಲ.

ಅವ್ವ ಜಗಲಿ ಮೇಲೆ ಕೂತು ಇದನ್ನೆಲ್ಲ ನೋಡ್ತಿದ್ಲು. "ಏನ್ ಮಗ, ನೀರೊಳಗಿರೋ ಗಿಡಕ್ಕೂ ಗೊಬ್ಬರಾನಾ?" ಅಂತ ಮೊದಲ ದಿನ ನಕ್ಕಿದ್ಲು. ಅವತ್ತು ಎದ್ದು ಬಂದು ಗಾಜಿಗೆ ಮುಖ ಇಟ್ಟು ನೋಡಿದ್ಲು.

"ಒಣ ಒಟ್ಲಲ್ಲಿ ಪೈರು ಹಿಂಗೇ ಬೆಳ್ಳಗಾಗ್ತಿತ್ತು ಕಣ್ಲಾ. ನೀರು ಕಟ್ಟಿ ಕೆಸರು ಮಾಡಿದ್ರೆ ಹಸ್ರಾಗೋದು. ಕಲ್ಲೊಳಗೆ ಪೈರು ಎಲ್ಲಾದ್ರೂ ಬಂದದಾ? ಕೆರೆಗೋಡು ಹಾಕು."

ಆಮೇಲೆ ಓದಿದಾಗ ಅವ್ವ ಹೇಳಿದ್ದು ಅಕ್ಷರಶಃ ಸರಿ ಅಂತ ಗೊತ್ತಾಯ್ತು. ಕೆಸರಲ್ಲಿ ಗಾಳಿ ಇರಲ್ಲ, ಕಬ್ಬಿಣ ಕರಗಿದ ರೂಪದಲ್ಲೇ ಇದ್ದು ಬೇರಿಗೆ ಸಿಗುತ್ತೆ. ನಮ್ಮ ತೊಟ್ಟಿಯಲ್ಲಿ ಹಗಲೂ ರಾತ್ರಿ ಗಾಳಿ ಗುಳ್ಳೆ, ನೀರು ಕ್ಷಾರ. ಅನ್ನಭೇದಿ ಬೇರು ಮುಟ್ಟೋ ಮೊದಲೇ ತುಕ್ಕಾಗುತ್ತೆ. ಅದಕ್ಕೇ ದುಬಾರಿ ಗೊಬ್ಬರಗಳಲ್ಲಿ ಕಬ್ಬಿಣವನ್ನ ಹಿಡಿದಿಟ್ಟುಕೊಳ್ಳೋ 'ಚೀಲೇಟ್' ಇರುತ್ತೆ. ಇಲ್ಲಾಂದ್ರೆ ಮಣ್ಣು. ಅಮೆರಿಕದ ಡಯಾನಾ ವಾಲ್‌ಸ್ಟಾಡ್ ಅನ್ನೋ ಹೆಣ್ಣುಮಗಳು ಅಕ್ವೇರಿಯಂ ತಳದಲ್ಲಿ ಮಣ್ಣು ಹಾಕಿ ಗಿಡ ಬೆಳೆಸೋದರ ಬಗ್ಗೆ 1999ರಲ್ಲಿ ಇಡೀ ಪುಸ್ತಕ ಬರೆದಿದ್ದಾರೆ.

ನಮ್ಮವ್ವನ ಹತ್ರ ಪುಸ್ತಕ ಇಲ್ಲ. ಸ್ವಂತ ಹೊಲವೂ ಇರಲಿಲ್ಲ. ಮಂಕರಿಯಲ್ಲಿ ತಿಪ್ಪೆಗೊಬ್ಬರ ಹೊತ್ತಿದ್ದು, ನಾಟಿ ಹಾಕಿದ್ದು, ಕಳೆ ಕಿತ್ತಿದ್ದು ಎಲ್ಲಾ ಬೇರೆಯವರ ಗದ್ದೇಲಿ. ಐವತ್ತು ವರ್ಷ ಪೈರಿನ ಮುಖ ನೋಡಿದವಳು. ಪೈರು ಯಾಕೆ ಬೆಳ್ಳಗಾಯ್ತು ಅಂತ ಅವಳನ್ನ ಯಾರೂ ಕೇಳಲಿಲ್ಲ. ನಿಜ ಹೇಳ್ತೀನಿ, ನಾನೂ ಕೇಳಿರಲಿಲ್ಲ. ಮೂರು ಮೀನು ಸತ್ತ ಮೇಲೂ ನಾನು ಮೊಬೈಲ್ ನೋಡಿದೆನೇ ಹೊರತು ಜಗಲಿ ಕಡೆ ನೋಡಲಿಲ್ಲ.

ಅವ್ವನ ತವರಿನಲ್ಲಿ ಕೆರೆ ಹೂಳು ಹೊರೋಕೆ ನಮ್ಮವರು ಬೇಕಿತ್ತು, ಕೆರೆ ನೀರು ಮುಟ್ಟೋಕೆ ಬೇಡವಾಗಿತ್ತು. ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆ ನೀರು ಕುಡಿದಿದ್ದು 1927ರ ಮಾರ್ಚ್ 20ಕ್ಕೆ. ಅವ್ವ ಹುಟ್ಟಿದ್ದು ಎಷ್ಟೋ ವರ್ಷ ಆದಮೇಲೆ. ಆದ್ರೂ ಅವಳ ಬಾಲ್ಯಕ್ಕೆ ಆ ನೀರು ಬಂದು ತಲುಪಿರಲಿಲ್ಲ.

ತಲುಪೋದು ಅಂದಾಗ ನನಗೆ ಎಸ್‌ಸಿಎಸ್‌ಪಿ-ಟಿಎಸ್‌ಪಿ ನೆನಪಾಗುತ್ತೆ. 2013ರಲ್ಲಿ ಕಾಯ್ದೆ ಬಂತು. ನಮ್ಮ ಜನಸಂಖ್ಯೆಗೆ ತಕ್ಕ ಹಣ ಬಜೆಟ್ಟಿನಲ್ಲಿ ತೆಗೆದಿಡಬೇಕು ಅಂತಾಯ್ತು. ಆದ್ರೆ ಅದರೊಳಗೇ 7ಡಿ ಅನ್ನೋ ಕಲಂ ಕೂತಿತ್ತು. ಎಲ್ಲರಿಗೂ ಅಂತ ಮಾಡಿದ ರಸ್ತೆ, ಕಾಮಗಾರಿಯಲ್ಲೂ ಒಂದು ಪಾಲು ನಮಗೇ ಖರ್ಚಾಯ್ತು ಅಂತ ಲೆಕ್ಕ ಬರೆದುಕೊಳ್ಳೋಕೆ ದಾರಿ. ಅದನ್ನ ತೆಗೆಸೋಕೆ 2023ರವರೆಗೂ ಬಡಿದಾಡಬೇಕಾಯ್ತು. ಇವತ್ತಿಗೂ ಆ ಹಣ ಬೇರೆ ಕಡೆ ಹೋಗ್ತಿದೆ ಅಂತ ನಾವು ಬೀದಿಗಿಳೀತಾನೇ ಇದೀವಿ. "ಇಷ್ಟು ಕೋಟಿ ಕೊಟ್ಟಿದೀವಲ್ಲ, ಇನ್ನೂ ಯಾಕೆ ನೀವು ಮೇಲೆ ಬಂದಿಲ್ಲ?" ಅಂತ ಕೇಳೋರಿಗೆ ನಾನು ಇನ್ಮೇಲೆ ನಮ್ಮ ತೊಟ್ಟಿ ತೋರಿಸ್ತೀನಿ. ಹಾಕಿದ್ದು ಎಷ್ಟು ಅಂತ ಹೇಳಬೇಡಿ, ಬೇರಿಗೆ ತಲುಪಿದ್ದೆಷ್ಟು ಹೇಳಿ.

ಒಂದು ವ್ಯತ್ಯಾಸ ಇದೆ, ಅದನ್ನ ಮರೀಬಾರದು. ತೊಟ್ಟಿಯಲ್ಲಿ ಕಬ್ಬಿಣ ತುಕ್ಕಾಗೋದು ರಸಾಯನಶಾಸ್ತ್ರ. ಅದರಲ್ಲಿ ಯಾರ ಸಂಚೂ ಇಲ್ಲ. ನಮ್ಮ ಹಣ ತುಕ್ಕು ಹಿಡಿಯೋಕೆ ಕಡತ ಇದೆ, ಸಹಿ ಇದೆ, ಸಹಿ ಹಾಕಿದ ಕೈ ಇದೆ.

ಅವ್ವನ ಮಾತಿನಂತೆ ಕೆರೆಗೋಡು ತಂದೆವು. ಔಷಧಿ ಹೊಡೆದ ಗದ್ದೆ ನೀರು ಇಳಿಯೋ ಜಾಗ ಬಿಟ್ಟು ತೆಗೆದು, ಬಿಸಿಲಲ್ಲಿ ಒಣಗಿಸಿ, ಜರಡಿ ಹಿಡಿದು, ಅಡಿಕೆ ಗಾತ್ರದ ಉಂಡೆ ಕಟ್ಟಿದ್ಲು. ಮತ್ತೆ ಒಣಗಿದ ಮೇಲೆ ಮಗಳು ಒಂದೊಂದನ್ನೇ ಬೇರಿನ ಬುಡಕ್ಕೆ, ಕಲ್ಲಿನ ಅಡಿಗೆ ಒತ್ತಿದ್ಲು. ಮೂರು ವಾರಕ್ಕೆ ಚಿಗುರು ಹಸಿರಾಗಿ ಬಂತು. ಉಳಿದ ಐದು ಮೀನೂ ಆರಾಮಾಗಿವೆ.

ಮೊದಲೇ ಬೆಳ್ಳಗಾಗಿದ್ದ ಎಲೆಗಳು ಮಾತ್ರ ಹಸಿರಾಗಲಿಲ್ಲ. "ಇವಕ್ಕೆ ಯಾಕಜ್ಜಿ ಸಿಗಲಿಲ್ಲ?" ಅಂತ ಮಗಳು ಕೇಳಿದ್ಲು.

"ಇವುಕ್ಕೆ ಹೊತ್ತು ಮೀರೋಯ್ತು ಕಣವ್ವ" ಅಂದ್ಲು ಅವ್ವ. "ಹೊಸ ಎಲೆಗಾದ್ರೂ ಸಿಕ್ತಲ್ಲ ಬಿಡು."

ಅವಳು ಗಿಡದ ಬಗ್ಗೆ ಹೇಳಿದ್ಲೋ ತನ್ನ ಬಗ್ಗೆಯೋ, ನನಗೆ ಕೇಳೋ ಧೈರ್ಯ ಬರಲಿಲ್ಲ.

ಜೈ ಭೀಮ್.