ಹೋರಿಗೆ ಹಬ್ಬದ ಊಟ ಬ್ಯಾಡ

ನಮ್ಮ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಕಡೆ ಕೊಬ್ಬರಿ ಹೋರಿ ಅಂದ್ರ ಮನಿಮಗ ಇದ್ದಂಗ. ದೀಪಾವಳಿ ಬಂತಂದ್ರ ಅದಕ್ಕ ಕೊಬ್ಬರಿ ಸರ, ಬಲೂನು ಕಟ್ಟಿ ಅಖಾಡಕ್ಕ ಬಿಡೋರು ಗಂಡಸರು. ಆದ್ರ ಹನ್ನೆರಡು ತಿಂಗಳೂ ಅದಕ್ಕ ಮೇವು ಹಾಕೋರು, ಮುಸುರಿ ಇಡೋರು ನಾವು ಹೆಣ್ಣುಮಕ್ಕಳು. ಹಂಗಾಗಿ ಈ ಮಾತು ನಿಮ್ಮ ಕೂಡನ ಆಡಬೇಕಂತ ಬರಿಯಾಕತ್ತೀನಿ.

ಎರಡು ವರ್ಷದ ಹಿಂದ ನಮ್ಮ ಓಣ್ಯಾಗ ಒಂದು ಹೋರಿ ಪಾಡ್ಯ ಆಗಿ ಎರಡನೇ ದಿನಕ್ಕ ಸತ್ತುಹೋತು. ಹಾವು ಕಡದಿರಲಿಲ್ಲ, ಯಾರೂ ಹೊಡದಿರಲಿಲ್ಲ. ಪೂಜಾ ಆದಮ್ಯಾಲೆ ಬಂದವರೆಲ್ಲಾ ಒಂದೊಂದು ಹೋಳಿಗಿ ತಿನಿಸಿದ್ರು. ಉಳಿದ ಅನ್ನ ಬುಟ್ಟಿಗಟ್ಲೆ ಬಿತ್ತು. ಸಂಜಿಗೆ ಗೋವಿನಜೋಳದ ನುಚ್ಚು ಬ್ಯಾರೆ. ರಾತ್ರಿ ಮೆಲಕು ಹಾಕೋದು ನಿಂತಿತು, ಎಡಗಡೆ ಹೊಟ್ಟಿ ಉಬ್ಬಿತು, ಬೆಳಗಾಗೋದ್ರಾಗ ನೆಲ ಹಿಡೀತು. ಡಾಕ್ಟ್ರು ಬರೋದ್ರಾಗ ಹೊತ್ತು ಮೀರಿತ್ತು. "ಉಪವಾಸ ಕೆಡವಿ ಕೊಂದಿದ್ರ ಪಾಪ ಅಂತಿದ್ರು ತಂಗಿ, ಉಣಿಸಿ ಕೊಂದಿದ್ದಕ್ಕ ಏನಂತಾರ?" ಅಂತ ಆ ಮನಿ ಅಕ್ಕ ಅತ್ತಿದ್ದು ಇನ್ನೂ ಕಿವ್ಯಾಗೈತಿ.

ದನದ ಹೊಟ್ಟ್ಯಾಗ ನಾಕು ಖೋಲಿ ಅದಾವ. ದೊಡ್ಡ ಖೋಲಿ 100 ಲೀಟರಿಗಿಂತ ಹೆಚ್ಚು ಹಿಡೀತೈತಿ. ಅಲ್ಲಿ ಕಣ್ಣಿಗೆ ಕಾಣದ ಜೀವಾಣುಗಳು ಹುಲ್ಲು, ಕಣಕಿ ಕರಗಿಸಿ ಹೋರಿಗೆ ಕಸುವು ಕೊಡ್ತಾವ. ಒಮ್ಮಿಗೇ ಅನ್ನ, ನುಚ್ಚು, ಬೆಲ್ಲ ಬಿತ್ತಂದ್ರ ಒಳಗ ಹಿಟ್ಟು ಹುಳಿ ಬಂದಂಗ ಹುಳಿ ಏರತೈತಿ. ಹುಲ್ಲು ಕರಗಿಸೋ ಜೀವಾಣು ಸಾಯ್ತಾವ, ಆ ಹುಳಿ ರಕ್ತಕ್ಕೂ ಇಳೀತೈತಿ. ನಮಗ ಅಜೀರ್ಣ ಆದ್ರ ಒಂದು ಹೊತ್ತು ಉಪವಾಸ ಇದ್ರಾತು, ಹೋರಿಗೆ ಅದು ಜೀವದ ಮಾತು.

400 ಕಿಲೋ ತೂಗೋ ಹೋರಿಗೆ ಎಲ್ಲಾ ಕೂಡಿ ದಿನಕ್ಕ 8ರಿಂದ 10 ಕಿಲೋ ಒಣ ಮೇವಿನಷ್ಟು ಬೇಕು. ಅದರಾಗ ಅರ್ಧಕ್ಕಿಂತ ಹೆಚ್ಚು ಕಣಕಿ, ಹುಲ್ಲು ಇರಬೇಕು. ಹುಳ್ಳಿ, ಹತ್ತಿಕಾಳು, ಹಿಂಡಿ ಕಸುವಿಗೆ ಬೇಕು, ಆದ್ರ ಅಳತಿ ಮ್ಯಾಲ. ಅಖಾಡ ಹತ್ರ ಬಂತಂತ ಒಂದೇ ದಿನಕ್ಕ ಎರಡರಷ್ಟು ಸುರೀಬ್ಯಾಡ್ರಿ. ಹತ್ತು-ಹದಿನೈದು ದಿನದಾಗ ಸ್ವಲ್ಪ ಸ್ವಲ್ಪ ಏರಿಸ್ರಿ. ಬೂಸ್ಟು ಹಿಡಿದ ಶೇಂಗಾ ಹಿಂಡಿ ಎಷ್ಟೇ ತುಟ್ಟಿದಿದ್ರೂ ತಿಪ್ಪಿಗೆ ಹಾಕ್ರಿ, ಅದರಾಗ ವಿಷ ಇರತೈತಿ. ಮಳಿ ಇಲ್ದ ಬಾಡಿದ ಎಳೆ ಜೋಳದ ಹೊಲಕ್ಕಂತೂ ಬಿಡಲೇಬ್ಯಾಡ್ರಿ, ಅದೂ ವಿಷನ. ನೀರು, ಚೂರು ಉಪ್ಪು ದಿನಾ ಇರಲಿ.

ಹಬ್ಬದಾಗ ಬಂದವರಿಗೆ "ತಿನಿಸಬ್ಯಾಡ್ರಿ" ಅನ್ನಾಕ ನಾಲಿಗಿ ಏಳೂದಿಲ್ಲ ಅಂತೀರಿ. ಖರೆ. ಅದಕ್ಕ ನಮ್ಮನ್ಯಾಗ ಪಾಡ್ಯದ ದಿನ ಬಾಗಲದಾಗ ಹಸಿ ಹುಲ್ಲಿನ ಸಿವುಡು ಇಡತೀವಿ. ಬಂದವರು ಒಂದೊಂದು ಹಿಡಿ ಹಿಡೀತಾರ. ಅವರಿಗೂ ಸಮಾಧಾನ, ಹೋರಿಗೂ ಹಿತ. ಎಡಿ ಹೋಳಿಗಿ ಒಂದು ಚೂರು ಮನಿಯವರು ಕೊಟ್ರ ಸಾಕು.

ಮತ್ತ ಒಂದು ನೆಪ್ಪಿಡ್ರಿ. ಹೋರಿ ಮೆಲಕು ಬಿಟ್ಟು ಹೊಟ್ಟಿ ಉಬ್ಬಿಸಿಕೊಂಡು ನಿಂತ್ರ ಬೆಳಗಾಗಲಿ ಅಂತ ಕಾಯಬ್ಯಾಡ್ರಿ. ಬಾಯಾಗ ಗೊಟ್ಟದಿಂದ ಎಣ್ಣಿನೂ ಸುರೀಬ್ಯಾಡ್ರಿ, ಅದು ಪುಪ್ಪಸಕ್ಕ ಹೊಕ್ಕರ ಮತ್ತೊಂದು ಕುತ್ತು. ದನದ ಡಾಕ್ಟ್ರಿಗೆ ಹೇಳ್ರಿ, ಇಲ್ಲಾ 1962ಕ್ಕ ಫೋನ್ ಹಚ್ಚಿ ಏನೇನು ತಿಂದೈತಿ ಅಂತ ಮುಚ್ಚಿಡದ ಹೇಳ್ರಿ.